ಕಜ್ಜಾಯದ ಮೇಲೆ ನಡೆದವಳು

ಹುಣಸೆಹಣ್ಣಿನ ಬೀಜ ಬಿಡಿಸುವವರ ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಕಣ್ಣು ನೆಲದ ಮೇಲೆಯೇ ಇರಬೇಕು. ಹಿಂದೂಪುರದ ಕೃಷ್ಣವೇಣಿ ಒಂದು ಗಳಿಗೆ ಕಣ್ಣು ತೆಗೆದಿದ್ದಳು. ಅಷ್ಟರಲ್ಲಿ ಹತ್ತು ತಿಂಗಳ ಶ್ರೀಲತಾ ಗಂಟಲಲ್ಲಿ ಬೀಜ ಸಿಕ್ಕಿಸಿಕೊಂಡಿದ್ದಳು. ಗಂಡ ತಿಪ್ಪೇಸ್ವಾಮಿ ಮಗುವನ್ನು ಬೋರಲು ಮಾಡಿ ಬೆನ್ನಿಗೆ ತಟ್ಟಿದ ಮೇಲೆ ಬೀಜ ಹೊರಬಿತ್ತು. ಮಾರನೆಯ ದಿನವೇ ಕೃಷ್ಣವೇಣಿ ಮಗಳನ್ನು ಕಲ್ಯಾಣದುರ್ಗದ ತವರಿಗೆ ಒಯ್ದು, ಹುಣಸೆ ಸುಗ್ಗಿ ಮುಗಿಯುವವರೆಗೆ ಇರಲೆಂದು ತಾಯಿ ಈರಕ್ಕನ ಮಡಿಲಿಗೆ ಹಾಕಿ ಬಂದಳು.

ಮನೆಯಲ್ಲಿದ್ದಾಗ ಮಗು ನಿದ್ದೆ ಹತ್ತುವಾಗ ಕೃಷ್ಣವೇಣಿಯ ತೋರುಬೆರಳನ್ನು ಚೀಪುತ್ತಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವ ಹುಳಿಗೆ ಮೂತಿ ಸೊಟ್ಟ ಮಾಡಿ, ಮತ್ತೆ ಚೀಪುತ್ತಿತ್ತು. ಈಗ ಕೆಲಸದ ನಡುವೆ ಆ ಬೆರಳು ತಾನಾಗಿ ನೆಟ್ಟಗೆ ನಿಂತುಬಿಡುತ್ತಿತ್ತು.

ಎರಡು ತಿಂಗಳಾದ ಮೇಲೆ ಈರಕ್ಕನ ಫೋನು ಬಂತು. "ಬುಜ್ಜಿ ಗೋಡೆ ಬಿಟ್ಟು ನಾಕ್ ಹೆಜ್ಜೆ ಇಟ್ಬುಟ್ಲು ಕಣಮ್ಮ!"

"ಯಾರ ಕಡೀಕೆ ಬಂದ್ಲು?"

"ನನ್ ಕಡೀಕೆ. ಇಲ್ಲಿ ಇನ್ಯಾರವ್ರೆ? ಕಜ್ಜಾಯ ಮಾತ್ರ ನೀನ್ ಬಂದ್ ಮ್ಯಾಲೇನೇ."

ಮಗು ನಡೆಯಲು ಕಲಿತರೆ ಕಜ್ಜಾಯ ಸುಟ್ಟು, ಸಾಲಾಗಿ ಇಟ್ಟು, ಅದರ ಮೇಲೆ ನಡೆಸಿ, ಓಣಿಯ ಮಕ್ಕಳಿಗೆ ಹಂಚಬೇಕು. ಸಾಲಿನ ಆ ತುದಿಯಲ್ಲಿ ನಿಂತು ತಾಯಿ ಕರೆಯಬೇಕು. ತನ್ನ ಕಡೆಗೂ ನಾಲ್ಕು ಹೆಜ್ಜೆ ಬರಲಿ ಎಂಬುದಷ್ಟೇ ಕೃಷ್ಣವೇಣಿಯ ಆಸೆ. ಅಕ್ಕಿ ನೆನೆಹಾಕಿದಳು, ಕುಟ್ಟಿಸಿದಳು, ಬೆಲ್ಲದ ಪಾಕ ತೆಗೆದಳು.

ತಿಪ್ಪೇಸ್ವಾಮಿ ಒಂದರ ದಪ್ಪ ನೋಡಿ ನಕ್ಕ. "ಕಜ್ಜಾಯನಾ, ಚಪ್ಪಡಿನಾ? ಮಗಳು ಕಾಲ್ ಉಳಿಕಿಸ್ಕೊಂಡಾಳು ಕಣೆ."

"ತುಳಿಯಾಕೆ ಮಾಡಿರೋದು. ನಿನ್ ಹಲ್ಲಿಗಲ್ಲ."

ಹೊರಡುವ ಮುಂಚೆ ಮೂರು ಸಲ ಸೋಪು ಹಚ್ಚಿ ಕೈ ತಿಕ್ಕಿದಳು. ಹೊಸ ಸೀರೆ ಉಟ್ಟಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ಸೇರುವಾಗ ಮಧ್ಯಾಹ್ನವಾಗಿತ್ತು.

ಮಗು ಅವಳನ್ನು ನೋಡಿತು. ನೋಡಿ, ಈರಕ್ಕನ ಸೆರಗಿನಲ್ಲಿ ಮುಖ ಹುದುಗಿಸಿತು.

"ಮೀ ಅಮ್ಮ ವಚ್ಚಿಂದಿ ಚೂಡು ಬುಜ್ಜೀ," ಎಂದು ಪಕ್ಕದ ಮನೆಯ ಪ್ರಮೀಳಾ ಬಂದ ಅಮ್ಮನನ್ನು ತೋರಿಸುತ್ತಾ ತೆಲುಗಿನಲ್ಲಿ ಪುಸಲಾಯಿಸಿದಳು. "ಹೆತ್ತೋಳ್ನೇ ಮರ್ತ್ಬುಟ್ಲಲ್ಲೇ ಈ ಕಳ್ಳಿ!"

ಎಲ್ಲರೂ ನಕ್ಕರು. ಕೃಷ್ಣವೇಣಿಯೂ ನಕ್ಕಳು.

ಪಡಸಾಲೆಯಲ್ಲಿ ಬಿಳಿ ಪಂಚೆ ಹಾಸಿ ಏಳು ಕಜ್ಜಾಯ ಸಾಲಿಟ್ಟರು. ಕೃಷ್ಣವೇಣಿ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೈಚಾಚಿದಳು. "ಬಾ ನನ್ ತಾಯಿ, ಬಾ." ಮಗು ಕದಲಲಿಲ್ಲ. ಈರಕ್ಕ ಮುಂದಕ್ಕೆ ತಳ್ಳಿದರೆ ಚೀರಿ ಅತ್ತಿತು. ಕಜ್ಜಾಯಕ್ಕಾಗಿ ಬಂದಿದ್ದ ಮಕ್ಕಳು ಬಾಗಿಲಲ್ಲಿ ಗುಸುಗುಸು ಅನ್ನುತ್ತಿದ್ದರು.

ಕೃಷ್ಣವೇಣಿ ಎದ್ದಳು. "ಅಮ್ಮಾ, ಈ ತುದೀಗೆ ನೀನೇ ಬಾ."

"ಅಯ್, ಅದು ತಾಯಿ ನಿಲ್ಲೋ ಜಾಗ ಕಣಮ್ಮ!"

"ಇಷ್ಟ್ ದಿನ ನೋಡ್ಕೊಂಡೋಳು ನೀನಲ್ವಾ? ನಿಂತ್ಕಾ."

ತಾನು ಮಗುವಿನ ಪಕ್ಕಕ್ಕೆ ಹೋಗಿ, ಎತ್ತಿಕೊಳ್ಳದೆ, ತೋರುಬೆರಳನ್ನಷ್ಟೇ ಚಾಚಿದಳು. ಮಗು ಬಿಕ್ಕುತ್ತಲೇ ಆಸರೆಗೆ ಅದನ್ನು ಹಿಡಿಯಿತು. ಎಳೆದು ಬಾಯಿಗಿಟ್ಟುಕೊಂಡಿತು. ಮೂತಿ ಸೊಟ್ಟ ಮಾಡಿತು. ತಲೆಯೆತ್ತಿ ಅವಳ ಮುಖವನ್ನು ಬಹಳ ಹೊತ್ತು ನೋಡಿತು. ಮತ್ತೆ ಚೀಪಿತು.

ಕೃಷ್ಣವೇಣಿ ಬೆರಳನ್ನು ಬಾಯಿಂದ ಮೆಲ್ಲಗೆ ಬಿಡಿಸಿ, ಹಿಡಿಸಿಕೊಂಡೇ ಸಾಲಿನ ಕಡೆಗೆ ನಡೆಸಿದಳು.

ಮೊದಲ ಕಜ್ಜಾಯ ಪುಟ್ಟ ಪಾದದ ಕೆಳಗೆ ಮೆತ್ತಗೆ ಒತ್ತಿತು. ಎರಡನೆಯದು. ಮೂರನೆಯದರ ಮೇಲೆ ಮಗು ಅಜ್ಜಿಯ ಚಾಚಿದ ಕೈಗಳನ್ನು ಕಂಡಿತು. ಬೆರಳಿನ ಹಿಡಿತ ಸಡಿಲಾಯಿತು. ಬೆರಳನ್ನು ಚೂರು ಬಾಗಿಸಿದ್ದರೂ ಸಾಕಿತ್ತು, ಮಗು ನಿಲ್ಲುತ್ತಿತ್ತು. ಕೃಷ್ಣವೇಣಿ ಬಾಗಿಸಲಿಲ್ಲ. ಉಳಿದ ನಾಲ್ಕನ್ನು ಶ್ರೀಲತಾ ತಾನೊಬ್ಬಳೇ, ಕೇಕೆ ಹಾಕುತ್ತಾ ದಾಟಿದಳು.

ಓಣಿಯ ಮಕ್ಕಳಿಗೆ ಆರು ಕಜ್ಜಾಯ ಮುರಿದು ಹಂಚಿದರು. ಪುಟ್ಟ ಪಾದದ ಐದು ಬೆರಳಿನ ಗುರುತಿದ್ದ ಮೊದಲನೆಯದನ್ನು ಕೃಷ್ಣವೇಣಿ ಡಬ್ಬಿಗೆ ಹಾಕಿಕೊಂಡಳು.

"ಸುಗ್ಗಿ ಇನ್ನೊಂದ್ ತಿಂಗ್ಳು," ಎಂದಳು ಹೊರಡುವಾಗ.

"ಓಡೋದು ಕಲ್ತಿರ್ತಾಳೆ, ಬಾ," ಎಂದಳು ಈರಕ್ಕ.

ಸಂಜೆಯ ಬಸ್ಸಿನಲ್ಲಿ ಸೋಮಂದೇಪಲ್ಲಿ ದಾಟುವವರೆಗೂ ಅವಳು ಡಬ್ಬಿಯನ್ನು ಎಡಗೈಯಿಂದಲೇ ಹಿಡಿದಿದ್ದಳು. ಮಗು ಚೀಪಿದ ಬಲಗೈಯ ಬೆರಳನ್ನು ಇನ್ನೂ ಒರೆಸಿರಲಿಲ್ಲ.