ಹಳದಿ ಚುಕ್ಕೆಯ ನಟ್ಟು

ಅಕ್ಕನ ಮಗಳು ಎರಡು ಸ್ವೇ ಬಾರ್‌ಗಳನ್ನು ಗ್ಯಾರೇಜಿನ ಮೇಜಿನ ಮೇಲಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು. ತಿರುವಿನಲ್ಲಿ ಕಾರು ಒಂದೇ ಕಡೆ ವಾಲದಂತೆ ಎಡಬಲದ ಚಕ್ರಗಳನ್ನು ಬಿಗಿಹಿಡಿಯುವ, ಬಾಗಿದ ಉಕ್ಕಿನ ಸರಳುಗಳು ಅವು. ಒಂದು ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ತುಸು ಸಣ್ಣದು.

"ಮುಂದಕ್ಕೆ ಯಾವುದು ಹಾಕೋಣ ಮಾವ?"

"ಗಾಡಿ ಹೊಟ್ಟೆ ನೋಡದೆ ನಾನು ಔಷಧಿ ಹೇಳಲ್ಲ," ಎಂದ ಮೆಕ್ಯಾನಿಕ್. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಭಾವನ ಕಡೆ ಕಣ್ಣು ಮಿಟುಕಿಸಿದ. "ಎಷ್ಟೇ ದಪ್ಪದ್ದು ಹಾಕು, ನಿಮ್ಮಪ್ಪನ ಕೈಗೆ ಮಾತ್ರ ಕೀ ಕೊಡ್ಬೇಡ. ಪಾಪ, ಗೋಡೆಗಳು!"

ಭಾವ ಎಂದಿನಂತೆ ನಕ್ಕರು. ಇಪ್ಪತ್ತೊಂದು ವರ್ಷದ ಹಿಂದೆ ಇದೇ ಕಾರನ್ನು ಗಿರಣಿಯ ತಿರುವಿನಲ್ಲಿ ಗೋಡೆಗೆ ಗುದ್ದಿಸಿದವರು ಅವರು. ಪಕ್ಕದಲ್ಲಿದ್ದ ಅಕ್ಕನ ಭುಜ ಮುರಿದಿತ್ತು. "ನಿಮ್ಮನ್ನ ನಂಬಿ ಇನ್ಮೇಲೆ ಗಾಡಿ ಹತ್ತಲ್ಲ" ಎಂದು ಅಕ್ಕ ಒಂದೇ ಸಲ ಹೇಳಿದ್ದಳು. ಭಾವ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ನಾಲ್ಕು ಜನ ನೆಂಟರು ಸೇರಿದಲ್ಲೆಲ್ಲ ಆ ಗೋಡೆಯ ಕಥೆ ಹೇಳಿ ನಗಿಸುವ ಗುತ್ತಿಗೆ ಮಾತ್ರ ಮೆಕ್ಯಾನಿಕ್‌ನದು. ತಗಡನ್ನು ಬೇರೆಲ್ಲೋ ಸರಿಮಾಡಿಸಿ ಷೆಡ್ಡಿಗೆ ತಳ್ಳಿದ್ದ ಕಾರನ್ನು ಈಗ ಮಗಳು ಹೊರಗೆಳೆದಿದ್ದಳು.

ಅವನು ಕಾರನ್ನು ಸ್ಟ್ಯಾಂಡಿಗೇರಿಸಿ, ಅಂಗಾತ ಮಲಗಿ ಅಡಿಗೆ ಸರಿದ.

ಹಿಂಬದಿಯಲ್ಲಿ ಆಗಲೇ ಒಂದು ಬಾರ್ ಇತ್ತು. ಚಿಂದಿಯಿಂದ ಕೊಳೆ ಒರೆಸಿದ. ನಾಲ್ಕೂ ನಟ್ಟುಗಳ ಮೇಲೆ ಹಳದಿ ಚುಕ್ಕೆ. ಬಿಗಿದ ಪ್ರತಿ ನಟ್ಟಿಗೂ ಹಳದಿ ಬಣ್ಣ ತಾಗಿಸುವವನು ಈ ಊರಿಗೆಲ್ಲ ಅವನೊಬ್ಬನೇ.

ಮುಂದಕ್ಕೆ ಸರಿದ. ಅಲ್ಲಿ ಬಾರೇ ಇರಲಿಲ್ಲ. ಬೋಲ್ಟಿನ ತೂತುಗಳ ಸುತ್ತ ಬಣ್ಣ ಒಂದಿಷ್ಟೂ ಕೆರೆದುಹೋಗಿರಲಿಲ್ಲ; ಅಲ್ಲಿ ಬಾರ್ ಎಂದೂ ಕೂತೇ ಇರಲಿಲ್ಲ.

ಎಲ್ಲ ನೆನಪಾಯಿತು. ಆ ಅಪಘಾತಕ್ಕೆ ಮುಂಚೆ ಈ ಕಾರಿಗೆಂದು ಎರಡೂ ಬಾರ್‌ಗಳಿಗೆ ಅಂಗಡಿಯಲ್ಲಿ ಹೇಳಿಟ್ಟಿದ್ದ. ಹಿಂದಿನದು ಮೊದಲು ಬಂತು. ಬಂದದ್ದು ಸುಮ್ಮನೆ ಯಾಕೆ ಬಿದ್ದಿರಬೇಕೆಂದು ಹಾಕಿಯೇಬಿಟ್ಟಿದ್ದ. ಹಿಂಬದಿಯನ್ನು ಮಾತ್ರ ಬಿಗಿದರೆ ಗಾಡಿಯ ಹಿಂಭಾಗ ತಿರುವಿನಲ್ಲಿ ಕೊಸರಿಕೊಂಡು ಹೊರಗೆ ಹೋಗುತ್ತದೆ. ನಿನ್ನೆ ಕೆಲಸಕ್ಕೆ ಸೇರಿದವನಿಗೂ ಇದು ಗೊತ್ತು. ಇನ್ನೊಂದು ಬರುವ ತನಕ ನಿಧಾನ ಭಾವ, ಎಂದು ಹೇಳಬೇಕಿತ್ತು. ಹೇಳಿರಲಿಲ್ಲ. ಮೂರನೇ ದಿನಕ್ಕೆ ಗೋಡೆ. ತಡವಾಗಿ ಬಂದ ಬಾರನ್ನು ಇನ್ಯಾರದೋ ಗಾಡಿಗೆ ಹಾಕಿ, ಮರೆತೇಬಿಟ್ಟಿದ್ದ. ಎಂಥ ಪಾಪಿ ನಾನು, ಮಾಡಿದ್ದೂ ನಾನೇ, ನಕ್ಕಿದ್ದೂ ನಾನೇ!

ಚಿಂದಿ ಕೈಯಲ್ಲೇ ಇತ್ತು. ಸ್ವಲ್ಪ ಪೆಟ್ರೋಲ್ ಹಾಕಿ ಉಜ್ಜಿದರೆ ಹಳದಿ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ಬಿದ್ದುಕೊಂಡಿದ್ದನೋ.

"ಮಾವ, ನಿದ್ದೆ ಹೋದ್ರಾ?"

ಹೊರಗೆ ಬಂದವನ ಮುಖ ನೋಡಿ ಅವಳು ಗಾಬರಿಯಾದಳು. ಅವನು ಚಿಂದಿಯನ್ನು ಕೆಳಗೆ ಹಾಕಿ, ಭಾವನ ಮುಂದೆ ನೆಲದ ಮೇಲೆಯೇ ಕೂತ. ತಡವರಿಸುತ್ತ, ಒಂದನ್ನೂ ಮುಚ್ಚಿಡದೆ ಹೇಳಿದ. ಭಾವ ಬೈಯಲಿಲ್ಲ.

"ಅಂದ್ರೆ... ಅವತ್ತು ನಾನು ಸರಿಯಾಗೇ ಓಡಿಸ್ದೆನಾ?"

"ಸರಿಯಾಗೇ ಓಡಿಸಿದ್ರಿ ಭಾವ. ತಪ್ಪು ನನ್ದು."

ಒಳಗಿನ ಕೋಣೆಯಲ್ಲಿ ಅಕ್ಕ ಫ್ಲಾಸ್ಕಿನಿಂದ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದಳು. ಭಾವ ಆ ಬಾಗಿಲನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಹೇಳೋ," ಎಂದರು. "ನಿಮ್ಮಕ್ಕಂಗೆ ಕೇಳೋ ಹಾಗೆ ಹೇಳು."