ಆರುನೂರ ಹನ್ನೆರಡು ಬ್ಲಾಕುಗಳ ರೈಲು

ನನ್ನ ನಾದಿನಿ ಮಕ್ಕಳು ಜೋಡಿಸಿ ಆಡುವ ಹಳೆಯ ಬ್ಲಾಕ್ ಸೆಟ್ಟುಗಳನ್ನು ಕೊಂಡು, ತೊಳೆದು, ಆನ್‌ಲೈನಿನಲ್ಲಿ ಮಾರುತ್ತಾಳೆ. ತುಂಡು ಕಡಿಮೆಯಿದೆ ಎಂದು ಈಗಾಗಲೇ ಎರಡು ದೂರು ಬಂದಿದ್ದವು. ಮೂರನೆಯದು ಬಂದರೆ ಅವಳ ಅಂಗಡಿಯನ್ನೇ ಜಾಲತಾಣದವರು ಮುಚ್ಚಿಸುತ್ತಾರೆ. ಅಂಥ ಹೊತ್ತಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು ಉಗಿಬಂಡಿಯ ಸೆಟ್ಟಿಗೆ ಆಸೆಪಟ್ಟು ಬರೆದಿದ್ದರು: "ಪೂರ್ತಿ ಇದ್ದರೆ ಮಾತ್ರ ಬೇಕು. ಇವತ್ತು ಹನ್ನೆರಡರೊಳಗೆ ಹೇಳಿ."

ಪೆಟ್ಟಿಗೆಯ ಮೇಲೆ ಆರುನೂರ ಹನ್ನೆರಡು ಎಂದಿತ್ತು.

ಎಣಿಸುವುದು ಅತ್ತೆಯ ಕೆಲಸ. ಅವರು ಅಂಕಿ ಹಿಡಿದು ಎಣಿಸುವವರಲ್ಲ. ತಂದೆಯಿಂದ ಕಲಿತ ಹಡಗಿನ ಕಥೆಯೊಂದು ಅವರಿಗೆ ಬಾಯಿಪಾಠ. ನೂರು ಪದ್ಯ, ಪದ್ಯಕ್ಕೆ ಆರು ಸಾಲು. ಸಾಲಿಗೊಂದರಂತೆ ಬ್ಲಾಕು ತಟ್ಟೆಯಿಂದ ಪೆಟ್ಟಿಗೆಗೆ ಹೋಗುತ್ತದೆ. ಅಂದು ಕಥೆಯೂ ಬ್ಲಾಕೂ ಒಟ್ಟಿಗೇ ಮುಗಿದವು.

"ಆರುನೂರು ಕಣೇ," ಎಂದರು ಅತ್ತೆ.

"ಹನ್ನೆರಡು ಕಮ್ಮಿ! ಹೋಯ್ತು, ಎಲ್ಲಾ ಹೋಯ್ತು!" ನಾದಿನಿ ಇಲ್ಲವೆಂದು ತಿಳಿಸಲು ಫೋನೆತ್ತಿದಳು.

ನಾನು ಪಕ್ಕದಲ್ಲಿ ಕುಳಿತು ಹಲ್ಲುಜ್ಜುವ ಬ್ರಷ್ಷಿನಿಂದ ಇನ್ನೊಂದು ಸೆಟ್ಟನ್ನು ತಿಕ್ಕುತ್ತಿದ್ದೆ. ಬಾಯಿಬಿಡದವಳೆಂದೇ ಈ ಮನೆಯಲ್ಲಿ ನನಗೆ ಹೆಸರು. ಆದರೆ ಆ ಕಥೆ ನಾನು ಮದುವೆಯಾಗಿ ಬಂದಂದಿನಿಂದ ಕೇಳಿದ್ದು.

"ಅತ್ತೆ, ಬಿರುಗಾಳಿಯ ಎರಡು ಪದ್ಯ ಎರಡೆರಡು ಸಲ ಹೇಳಿದ್ರಿ," ಅಂದೆ.

"ಹೌದೇನೇ? ಅಲ್ಲಿಗೆ ಬಂದ್ರೆ ನನಗೆ ಮೈಮೇಲೆ ಎಚ್ಚರಾನೇ ಇರಲ್ಲ."

"ಆಗ ಕೈ ಸುಮ್ನಿತ್ತಾ ಅಮ್ಮಾ?" ನಾದಿನಿ ಕೇಳಿದಳು.

"ಬಾಯಿ ಓಡ್ತಿದ್ರೆ ಕೈ ನಿಲ್ಲುತ್ತಾ?"

ನಾದಿನಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಎರಡು ಪದ್ಯ ಅಂದ್ರೆ ಹನ್ನೆರಡು ಸಾಲು, ಹನ್ನೆರಡು ಬ್ಲಾಕು! ಅತ್ತಿಗೆ, ಖಂಡಿತಾನಾ? ತಪ್ಪಾದ್ರೆ ಅಂಗಡಿಗೆ ಬೀಗ!"

"ಮತ್ತೆ ಎಣಿಸಿಬಿಡೋಣ."

ಗಂಟೆ ಹನ್ನೊಂದೂಕಾಲು. ನಾದಿನಿ ಪೆಟ್ಟಿಗೆಯನ್ನು ತಟ್ಟೆಗೆ ಸುರಿದು ಅಂಕಿಯಲ್ಲೇ ಶುರುಮಾಡಿದಳು. ಇನ್ನೂರ ಹದಿಮೂರಕ್ಕೆ ಬರುವಾಗ ಡಾಕ್ಟರ ಫೋನು. "ಇನ್ನೇನು ಹೇಳೇಬಿಡ್ತೀನಿ ಸಾರ್!" ಎಂದು ಇಟ್ಟು ತಿರುಗಿದರೆ ಅಂಕಿ ಮರೆತೇಹೋಗಿತ್ತು.

"ಇದಕ್ಕೇ ನಾನು ಪದ್ಯ ಹಿಡಿಯೋದು," ಅತ್ತೆ ಗತ್ತಿನಿಂದ ಹೇಳಿದರು.

"ನೀನು ಸುಮ್ನಿರಮ್ಮಾ! ಅತ್ತಿಗೆ, ನೀವೇ ಹೇಳಿ."

ಬ್ಲಾಕುಗಳನ್ನೆಲ್ಲ ಮತ್ತೆ ತಟ್ಟೆಗೆ ಸುರಿದು, ದೇವರನ್ನು ನೆನೆದು ಪದ್ಯ ಎತ್ತಿಕೊಂಡೆ. ಮೊದಲು ದನಿ ನಡುಗಿತು. ಹಡಗು ದಡ ಬಿಟ್ಟ ಮೇಲೆ ನಡುಗಲಿಲ್ಲ. ಸಾಲು ಮುಗಿದಂತೆಲ್ಲ ಟಪ್, ಟಪ್ ಎಂದು ಕೆಂಪು, ಕಪ್ಪು, ಗಾಲಿ, ಕಿಟಕಿ ಪೆಟ್ಟಿಗೆಗೆ ಬಿದ್ದವು. ಬಿರುಗಾಳಿ ಎದ್ದಿತು. ಅತ್ತೆಯ ತುಟಿ ಅದುರತೊಡಗಿತು. ನಾದಿನಿ ಎಡಗೈಯಿಂದ ತಾಯಿಯ ಬಾಯಿ ಮುಚ್ಚಿ, ಬಲಗೈಯಿಂದ ಬ್ಲಾಕು ಹಾಕಿದಳು. ಇನ್ನೊಮ್ಮೆ ಹೇಳುವ ಆಸೆ ನನಗೂ ಗಂಟಲವರೆಗೆ ಬಂತು. ನುಂಗಿಕೊಂಡು ಮುಂದೆ ಹೋದೆ.

ನೂರನೆಯ ಪದ್ಯ ಮುಗಿಯಿತು. ಮೂವರೂ ತಟ್ಟೆಯ ಮೇಲೆ ಬಗ್ಗಿದೆವು. ಹತ್ತು, ಹನ್ನೊಂದು... ಹನ್ನೆರಡು!

"ಪೂರ್ತಿ ಇದೆ ಸಾರ್!" ನಾದಿನಿಯ ಬೆರಳು ಫೋನಿನ ಮೇಲೆ ಕುಣಿಯಿತು. ಹನ್ನೆರಡಕ್ಕೆ ಇನ್ನು ನಾಲ್ಕೇ ನಿಮಿಷ. "ಕಳಿಸಿ" ಎಂದು ಉತ್ತರ ಬಂದದ್ದೇ ತಡ, ಅವಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು.

ಅತ್ತೆ ತಮ್ಮ ಕುರ್ಚಿ ಬಿಟ್ಟೆದ್ದರು. "ಬಾರೇ, ಕೂತ್ಕೋ. ಇನ್ಮೇಲೆ ನೀನು ಹೇಳು, ನಾನು ಕೇಳ್ತೀನಿ."

"ಕೇಳೋದಾದ್ರೆ ಕೈಕಟ್ಟಿ ಕೂತು ಕೇಳಮ್ಮಾ," ಎಂದಳು ನಾದಿನಿ.