ಗಡಿಬಿಡಿರಾಯನಿಗೆ ಚಾರ್ಜ್ ಏರಿದ್ದು

ಗಡಿಬಿಡಿರಾಯ ಮುಟ್ಟಿದವರಿಗೆಲ್ಲ ಶಾಕ್ ಹೊಡೆಯತೊಡಗಿದ್ದು ಮೊಮ್ಮಗಳು ಹುಟ್ಟಿದ ವಾರವೇ. ಮೊದಲು ಬಾಗಿಲ ಚಿಲಕದಲ್ಲಿ ಕಿಡಿ ಹಾರಿತು. ಆಮೇಲೆ ನೀರಿನ ಲೋಟ ಕೊಡಲು ಹೋದ ಹೆಂಡತಿ ಹೌಹಾರಿದಳು. ಅಂದಿನಿಂದ ಅವನ ತಟ್ಟೆಯನ್ನು ಒಣ ಕೋಲಿನಿಂದ ತಳ್ಳತೊಡಗಿದಳು. ಮಗಳಂತೂ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅಪ್ಪಾ, ಇದು ಸರಿಹೋಗೋ ತನಕ ಮಗೂನ ನಿನ್ನ ಕೈಗೆ ಕೊಡಲ್ಲ."

ಮೊಮ್ಮಗಳನ್ನು ಎತ್ತಿಕೊಳ್ಳಲಾಗದಿದ್ದರೆ ಅಜ್ಜನಾಗಿ ಏನು ಬಂತು?

ಅವನು ವಿದ್ಯುತ್ ಕೇಂದ್ರದಲ್ಲಿ ಮನೆಯಷ್ಟೆತ್ತರದ ಟ್ರಾನ್ಸ್‌ಫಾರ್ಮರ್ ನೋಡಿಕೊಳ್ಳುವವನು. ಅದು ಬಿಸಿಯಾಗದಿರಲೆಂದು ಪಂಪುಗಳು ಒಳಗೆ ಎಣ್ಣೆ ಹರಿಸುತ್ತಿರುತ್ತವೆ. ಹರಿವಿನ ವೇಗ ಅತಿಯಾದರೆ ಎಣ್ಣೆ ಒಳಗಿನ ತಂತಿಗಳಿಗೆ ಸುತ್ತಿದ ಕಾಗದಕ್ಕೆ ಉಜ್ಜಿ ಉಜ್ಜಿ ಚಾರ್ಜ್ ಕೂಡಿಕೊಂಡು ಚಟಪಟ ಎನ್ನುತ್ತದೆ. ಗಡಿಬಿಡಿರಾಯ ಸಂಕಟ ತೋಡಿಕೊಂಡಾಗ ಜೊತೆಯ ಫಿಟ್ಟರ್ ಮರದ ಸುತ್ತಿಗೆಯಿಂದ ಅವನ ಹೊಟ್ಟೆ ತಟ್ಟಿ ಕಿವಿಗೊಟ್ಟ.

"ನಿಂಗೂ ಅದೇ ರೋಗ ಕಣಯ್ಯ. ಕೆಲಸಕ್ಕೆ ಸೇರಿದಾಗಿಂದ ನೀನು ಒಂದು ಕಡೆ ಕೂತಿದ್ದನ್ನ ನಾನು ನೋಡಿಲ್ಲ. ಪಂಪ್ ನಿಲ್ಲಿಸು. ಸುಮ್ನೆ ಕೂತ್ರೆ ಚಾರ್ಜ್ ತಾನಾಗೇ ನೆಲಕ್ಕಿಳಿಯುತ್ತೆ."

"ಎಷ್ಟೊತ್ತು ಕೂರಬೇಕು?"

"ಹಾಗೆ ಕೇಳಿದ್ರೆ ಮತ್ತೆ ಏರುತ್ತೆ."

ಸಂಜೆ ಅವನು ಮಗಳ ಕೋಣೆಯ ಹೊರಗೆ ನೆಲದ ಮೇಲೆ ಕುಳಿತ. ಹೆಂಡತಿ ರಬ್ಬರ್ ಕೈಗವಸು ತೊಟ್ಟು ಅವನ ಕಾಲ್ಬೆರಳಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ನಲ್ಲಿಗೆ ಸುತ್ತಿದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ನಲ್ಲಿ ತಿರುಗಿಸಿ ಕಿರುಚಿದ್ದು ಕೇಳಿಸಿತು. ಸದ್ಯ, ಇಳಿಯುತ್ತಿದೆ ಎಂದು ಮನೆಯವರಿಗೆಲ್ಲ ಸಮಾಧಾನವಾಯಿತು.

ಏಳಲು ಹವಣಿಸಿದಾಗಲೆಲ್ಲ ಅವನ ತಲೆಗೂದಲು ನೆಟ್ಟಗೆ ನಿಲ್ಲುತ್ತಿತ್ತು. ಬೇರೆ ದಾರಿ ಕಾಣದೆ ಬಾಗಿಲ ಸಂದಿಯಿಂದ ಕೇಳಿದ: "ಹೆರಿಗೆ ತುಂಬಾ ಕಷ್ಟ ಆಯ್ತೇನಮ್ಮಾ?"

ಮಗಳು ಮಾತು ಶುರುಮಾಡಿದಳು. ಹೆರಿಗೆಯ ಕಥೆ ಮುಗಿದು ಗಂಡನ ಜೊತೆಗಿನ ಜಗಳಕ್ಕೆ ಬಂತು, ಅಲ್ಲಿಂದ ಹಿಂದೆ ಹೋಗಿ ಶಾಲೆಯ ನಾಟಕಕ್ಕೆ ಬಂತು. ಅದರಲ್ಲಿ ಅವಳದು ಮರದ ಪಾತ್ರವಂತೆ. ಅಪ್ಪ ಬಂದವನು ಪರದೆ ಏಳುವ ಮೊದಲೇ ಹೊರಟುಹೋಗಿದ್ದನಂತೆ.

ಗಡಿಬಿಡಿರಾಯನಿಗೆ ನಾಚಿಕೆಯಾಯಿತು. "ಮರ ಅಂದ್ರೆ... ಹೇಗೆ ನಿಂತಿದ್ದೆ?" ಎಂದ.

ಬಾಗಿಲು ತೆರೆದು ಮಗಳು ಹೊರಗೆ ಬಂದಳು. "ಮಗೂನ ಕೊಡೋಕೆ ಮುಂಚೆ ನಾನೇ ಮುಟ್ಟಿ ನೋಡ್ತೀನಿ," ಎಂದು ಅವನ ಅಂಗೈ ಹಿಡಿದಳು.

ಸಣ್ಣಗೆ ಚಟ್ ಎಂದಿತು. ಅವಳು ಕೈ ಬಿಡಲಿಲ್ಲ.

"ಇನ್ನೂ ಸ್ವಲ್ಪ ಇದೆ. ಕೂತಿರು," ಎಂದು ತಾನೂ ಪಕ್ಕದಲ್ಲೇ ಕುಳಿತಳು.

ಮೊಮ್ಮಗಳನ್ನು ಕೇಳುವುದನ್ನೇ ಮರೆತ ಗಡಿಬಿಡಿರಾಯ, ಇದು ಬೇಗ ಇಳಿಯದಿದ್ದರೆ ಸಾಕಪ್ಪಾ ಎಂದುಕೊಂಡ.